ಮೇಡಂ ಮೌಸ್ ಮುಟ್ಟುತ್ತಿರಲಿಲ್ಲ

ಹೋದ ತಿಂಗಳು ನಮ್ಮ ಆಫೀಸಿಗೆ ಹೊಸ ಲ್ಯಾಪ್‌ಟಾಪುಗಳು ಬಂದವು. ಹಳೆಯ ಕಂಪ್ಯೂಟರುಗಳನ್ನೂ ಅವುಗಳ ದಪ್ಪ ಕೀಬೋರ್ಡುಗಳನ್ನೂ ಗೋಣಿಚೀಲಕ್ಕೆ ತುಂಬಿ ಸ್ಟೋರ್ ರೂಮಿನ ಮೂಲೆಗೆ ಒರಗಿಸಿದರು. ಮೊದಲ ದಿನ ಒಂದು ಫೈಲಿನ ಹೆಸರು ಬದಲಾಯಿಸಬೇಕಿತ್ತು. ನನ್ನ ಕಣ್ಣು ಕಾಗದದ ಮೇಲಿತ್ತು. ಎಡಗೈ ಬೆರಳು ತಾನಾಗಿಯೇ ಮೇಲಿನ ಸಾಲಿಗೆ ಹೋಗಿ ಎಫ್ ಟೂ ಒತ್ತಿತು. ಹೆಸರು ಬದಲಾಗಲಿಲ್ಲ. ಪರದೆಯ ಬೆಳಕು ಒಂದಿಷ್ಟು ಕುಗ್ಗಿತು. ಮತ್ತೆ ಒತ್ತಿದೆ, ಇನ್ನಷ್ಟು ಕುಗ್ಗಿತು. ಪಕ್ಕದ ಮೇಜಿನ ಹುಡುಗಿ, ಈಗಷ್ಟೇ ಕೆಲಸಕ್ಕೆ ಸೇರಿದವಳು, ನಕ್ಕಳು.

“ಈಗ ಅವು ಹಂಗೆ ಕೆಲ್ಸ ಮಾಡಲ್ಲ ಮೇಡಂ. ಮೌಸಲ್ಲಿ ಮಾಡ್ಬಿಡಿ, ಸುಲಭ.”

ಅವಳು ನನ್ನನ್ನು ಮೇಡಂ ಎಂದದ್ದಕ್ಕೋ, ಮೌಸ್ ಎಂದದ್ದಕ್ಕೋ... ಆ ದಿನ ಪೂರ್ತಿ ನಾನು ಸರಿಯಾಗಿ ಕೆಲಸ ಮಾಡಲಿಲ್ಲ. ನಮ್ಮ ಟೈಪಿಂಗ್ ಮೇಡಂ ಬಂದು ಎದುರಿಗೆ ಕೂತ ಹಾಗಿತ್ತು.

ಅವರನ್ನು ನಾನು ಮೊದಲು ಕಂಡದ್ದು ಗುಬ್ಬಿಯಲ್ಲಿ, ತೊಂಬತ್ತರ ದಶಕದ ಶುರುವಿನಲ್ಲಿ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅಪ್ಪ ಟೈಪಿಂಗಿಗೆ ಸೇರಿಸಿದ್ದರು. ಚೇಳೂರಿನಿಂದ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆ. ಹೆಂಚಿನ ಮನೆಯ ಮುಂದಿನ ಹಜಾರದಲ್ಲಿ ಹನ್ನೊಂದು ಮೆಷಿನ್ನುಗಳು. ಮೇಡಂ ನಮ್ಮ ಕಡೆ ಬೆನ್ನು ಮಾಡಿ, ರಸ್ತೆಯ ಬೆಳಕಿಗೆ ಮುಖ ಕೊಟ್ಟು ಕೂರುತ್ತಿದ್ದರು. ಆಗ ಅವರಿಗೆ ಮೂವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರೂ ಕೇಳುವಂತಿರಲಿಲ್ಲ, ಹಾಗಿತ್ತು ಅವರ ಮುಖ.

ಹನ್ನೊಂದು ಮೆಷಿನ್ನುಗಳ ಗಲಾಟೆಯಲ್ಲೂ ಅವರಿಗೆ ಒಂದೊಂದರ ಸದ್ದೂ ಬೇರೆಯಾಗಿ ಕೇಳುತ್ತಿತ್ತು. ತಿರುಗಿ ನೋಡದೆಯೇ, “ಮೂರನೇ ಮೆಷಿನ್ನು, ಕಿರುಬೆರಳು ನಿದ್ದೆ ಮಾಡ್ತಿದೆ,” ಎನ್ನುತ್ತಿದ್ದರು. ಮೂರನೇ ಮೆಷಿನ್ನಿನಲ್ಲಿ ಸಾಮಾನ್ಯವಾಗಿ ನಾನೇ ಇರುತ್ತಿದ್ದೆ. ಮೇಡಂಗೆ ಬೆನ್ನಲ್ಲೂ ಕಣ್ಣಿದೆ ಎಂದು ನಾವು ಹುಡುಗಿಯರು ಮಾತಾಡಿಕೊಳ್ಳುತ್ತಿದ್ದೆವು. ಜಂಬದವರು ಎಂಬ ಮಾತೂ ಇತ್ತು. ಎದುರಿಗೆ ಸಿಕ್ಕರೆ ನಗುತ್ತಿದ್ದರು. ರಸ್ತೆಯಲ್ಲಿ ಪಕ್ಕದಿಂದ ಕೈ ಮುಗಿದರೆ ನೋಡದ ಹಾಗೆ ಹೋಗಿಬಿಡುತ್ತಿದ್ದರು. ಟೀ ತಂದವನು ಲೋಟ ಹಿಡಿದು ಪಕ್ಕದಲ್ಲಿ ನಿಂತೇ ಇರಬೇಕಿತ್ತು, ಅವನು ಕೆಮ್ಮುವ ತನಕ.

ನನ್ನ ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆ ಎರಡೂ ಅವರ ಕೈಯಲ್ಲೇ ಪಾಸಾದವು. ಆಮೇಲೆ ಬಿ.ಎ. ಮಾಡಿದೆ, ಕೆಲಸ ಸಿಗಲಿಲ್ಲ. ಗುಬ್ಬಿಯ ಇನ್‌ಸ್ಟಿಟ್ಯೂಟ್ ಮುಚ್ಚಿತು ಎಂದು ಯಾರೋ ಹೇಳಿದರು. ಎಲ್ಲರೂ ಕಂಪ್ಯೂಟರ್ ಎನ್ನುತ್ತಿದ್ದ ಕಾಲ ಅದು. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ತುಮಕೂರಿನ ಶಿರಾ ಗೇಟ್ ಹತ್ತಿರದ ಒಂದು ಸೆಂಟರಿಗೆ ಹೋಗಿ ಸೇರಿದೆ. ಕೆಳಗೆ ಟೈರಿನ ಅಂಗಡಿ, ಮಹಡಿಯ ಮೇಲೆ ಸೆಂಟರು. ಕಡಿದಾದ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ... ಬಿಳಿ ಹಲಗೆಯ ಮುಂದೆ ಮೇಡಂ ನಿಂತಿದ್ದರು.

ನಾನು ಹತ್ತಿರ ಹೋಗಿ ಮಾತಾಡಿದ ಮೇಲೆ ಗುರುತು ಹಿಡಿದರು. “ಮೂರನೇ ಮೆಷಿನ್ನು!” ಎಂದರು. ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಬೆಂಗಳೂರಿನಲ್ಲಿ ಆರು ತಿಂಗಳು ಇದ್ದು ಕಂಪ್ಯೂಟರ್ ಕಲಿತು ಬಂದಿದ್ದರಂತೆ. ಸೆಂಟರಿನ ಹಿಂದಿನ ಬೀದಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದರು.

ಬೇರೆ ಸೆಂಟರುಗಳಲ್ಲಿ ಮೊದಲ ದಿನ ಮೌಸ್ ಹಿಡಿಯುವುದನ್ನು ಹೇಳಿಕೊಡುತ್ತಿದ್ದರು. ನಮ್ಮ ಮೇಡಂ ಮೌಸನ್ನು ಕೀಬೋರ್ಡಿನ ಹಿಂದಕ್ಕೆ ತಳ್ಳಿಸಿಬಿಡುತ್ತಿದ್ದರು. ಮೇಲಿನ ಸಾಲಿನಿಂದಲೇ ಅವರ ಪಾಠ ಶುರು. “ಕಣ್ಣು ಮುಚ್ಕೊಳ್ಳಿ. ಎಡಗಡೆ ತುದಿಯಲ್ಲಿ ಒಂಟಿ ಕೀ, ಅದು ಎಸ್ಕೇಪ್. ಆಮೇಲೆ ಒಂದು ಸಂದು. ನಾಲ್ಕು ಕೀ. ಮತ್ತೆ ಸಂದು, ಮತ್ತೆ ನಾಲ್ಕು. ಮತ್ತೆ ಸಂದು, ಮತ್ತೆ ನಾಲ್ಕು. ಹನ್ನೆರಡೂ ಬೆರಳಿಗೆ ಸಿಕ್ಕಿದ ಮೇಲೆ ಕಣ್ಣು ಬಿಡಿ.”

ಆಮೇಲೆ ಒಂದೊಂದರ ಕೆಲಸ. ಎಫ್ ಒನ್ ಸಹಾಯಕ್ಕೆ. “ಗೊತ್ತಾಗದೇ ಇದ್ರೆ ಇದನ್ನ ಒತ್ತಿ. ಕೇಳೋಕೆ ನಾಚ್ಕೋಬೇಡಿ, ಮೆಷಿನ್ ಯಾರ ಹತ್ರಾನೂ ಹೇಳಲ್ಲ.” ಎಫ್ ಟೂ ಹೆಸರು ಬದಲಿಸಲು, ಎಫ್ ತ್ರೀ ಕಳೆದದ್ದನ್ನು ಹುಡುಕಲು. ಆಲ್ಟ್ ಜೊತೆ ಎಫ್ ಫೋರ್ ಒತ್ತಿದರೆ ತೆರೆದದ್ದು ಮುಚ್ಚುತ್ತದೆ. ಎಫ್ ಫೈವ್ ಒತ್ತಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂದು ಹುಡುಗರು ನಂಬಿಬಿಟ್ಟಿದ್ದರು, ಟಪಟಪ ಬಡಿಯುತ್ತಿದ್ದರು. ಮೇಡಂ ನಗುತ್ತಿದ್ದರು: “ಎಷ್ಟು ಸಲ ಬಡಿದ್ರೂ ಇದ್ದಿದ್ದೇ ತೋರ್ಸೋದು ಕಣ್ರೋ. ಹೊಸದು ಬಂದಿದ್ರೆ ತಾನೇ.” ಎಫ್ ಸೆವೆನ್ ಕಾಗುಣಿತದ ತಪ್ಪು ಹುಡುಕುತ್ತಿತ್ತು, ಆದರೆ ಇಂಗ್ಲಿಷಿಗೆ ಮಾತ್ರ. ಕನ್ನಡದಲ್ಲಿ ಟೈಪ್ ಮಾಡಿದ್ದರ ಮೇಲೆ ಒತ್ತಿದರೆ ನಾವು ಬರೆದದ್ದೆಲ್ಲವೂ ತಪ್ಪೇ. ಎಫ್ ಟೆನ್ ಒತ್ತಿ ಮೆನುವಿಗೆ ಹೋಗಿ ಬಾಣದ ಕೀಗಳಲ್ಲಿ ಇಳಿಯುತ್ತಾ, ಎಫ್ ಟ್ವೆಲ್ವ್ ಒತ್ತಿ ಬೇರೆ ಹೆಸರಲ್ಲಿ ಸೇವ್ ಮಾಡುತ್ತಾ, ಒಂದು ಇಡೀ ಪತ್ರವನ್ನು ಮೌಸ್ ಮುಟ್ಟದೆ ಅವರು ಮುಗಿಸುವುದನ್ನು ನೋಡಲು ಬೇರೆ ಬ್ಯಾಚಿನವರೂ ಬಂದು ನಿಲ್ಲುತ್ತಿದ್ದರು.

“ನೀವ್ಯಾಕೆ ಮೇಡಂ ಮೌಸ್ ಮುಟ್ಟಲ್ಲ?” ಎಂದು ಒಬ್ಬಳು ಕೇಳಿಯೇಬಿಟ್ಟಳು.

“ಇಲಿ ಕಂಡ್ರೆ ಭಯ ಕಣೇ ನಂಗೆ,” ಎಂದರು. ಎಲ್ಲರೂ ನಕ್ಕೆವು.

ಕೋರ್ಸು ಮುಗಿದ ಮೇಲೂ ನಾನು ಸೆಂಟರಿನಲ್ಲೇ ಉಳಿದೆ. ಹೊಸಬರಿಗೆ ಅಭ್ಯಾಸ ಮಾಡಿಸುವುದು, ಹಲಗೆ ಒರೆಸುವುದು, ಪ್ರಿಂಟ್ ತೆಗೆದುಕೊಡುವುದು ನನ್ನ ಕೆಲಸ. ಅಂಥ ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಕರೆಂಟು ಹೋಯಿತು. ಧೂಳು ಬರಬಾರದೆಂದು ಸೆಂಟರಿನ ಕಿಟಕಿಗಳಿಗೆಲ್ಲ ದಪ್ಪ ರಟ್ಟು ಬಡಿದಿದ್ದರು. ಹಗಲಿನಲ್ಲೂ ಒಳಗೆ ಕತ್ತಲೆಯೇ. ಯುಪಿಎಸ್ ಕೂಗತೊಡಗಿದಾಗ ಕಂಪ್ಯೂಟರುಗಳನ್ನು ಆರಿಸಿ ಎಲ್ಲರೂ ಕೆಳಗಿಳಿದರು. ನಾನೂ ಇಳಿದೆ. ಬ್ಯಾಗು ಮರೆತದ್ದು ನೆನಪಾಗಿ ಮತ್ತೆ ಹತ್ತಿ ಬಂದೆ.

ಮೇಡಂ ಗೋಡೆಗೆ ಎರಡೂ ಅಂಗೈ ಒತ್ತಿಕೊಂಡು ಬಾಗಿಲ ಕಡೆಗಲ್ಲ, ಬೀರುವಿನ ಕಡೆಗೆ ಸರಿಯುತ್ತಿದ್ದರು. ಒಂದು ಸ್ಟೂಲು ಉರುಳಿಬಿದ್ದಿತ್ತು. ಮೊಣಕಾಲಿನ ಹತ್ತಿರ ಸೀರೆ ಒದ್ದೆಯಾದ ಹಾಗೆ ಕಂಡಿತು. ರಕ್ತ.

“ಯಾರು?” ಎಂದರು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ನಾನು ಮೇಡಂ.”

ಅವರು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೇ ಕೂತರು. ನಾನೂ ಪಕ್ಕದಲ್ಲಿ ಕೂತೆ. ಬಾಗಿಲಿನಿಂದ ಸ್ವಲ್ಪ ಬೆಳಕು ಬರುತ್ತಿತ್ತು. ನನಗೆ ಅವರ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ಅವರು ನನ್ನನ್ನಲ್ಲ, ನನ್ನ ಹಿಂದೆ ಎಲ್ಲಿಯೋ ನೋಡುತ್ತಿದ್ದರು.

“ಕತ್ತಲಾದ್ರೆ ನಂಗೇನೂ ಕಾಣಲ್ಲ ಕಣೇ. ಚಿಕ್ಕಂದಿನಿಂದ್ಲೂ ಹಂಗೆ. ಈಗ ಬೆಳಕಲ್ಲೂ ಕೊಳವೆಯೊಳಗಿಂದ ನೋಡ್ದಂಗೆ. ಎದುರಿಗಿರೋದು ಕಾಣುತ್ತೆ, ಪಕ್ಕದ್ದು ಇಲ್ಲ. ಬೆಂಗ್ಳೂರಲ್ಲಿ ತೋರ್ಸಿದೀನಿ. ಔಷಧಿ ಇಲ್ವಂತೆ. ಕೊಳವೆ ಸಣ್ಣ ಆಗ್ತಾ ಹೋಗುತ್ತಂತೆ, ಅಷ್ಟೇ.”

“ಅದಕ್ಕೇನಾ ಮೌಸು...” ಎಂದೆ.

“ಆ ಬಾಣದ ಗುರುತು ಪರದೆ ತುಂಬಾ ಓಡಾಡುತ್ತೆ. ಅದನ್ನ ಹುಡ್ಕೋದ್ರಲ್ಲೇ ಸಾಕಾಗೋಗುತ್ತೆ ನಂಗೆ. ಕೀಗಳಾದ್ರೆ ಇಟ್ಟ ಜಾಗದಲ್ಲೇ ಇರ್ತವೆ.” ಮೊಣಕಾಲು ಮುಟ್ಟಿ ನೋಡಿಕೊಂಡು, “ಸರ್‌ಗೆ ಗೊತ್ತಿಲ್ಲ,” ಎಂದರು. ಸರ್ ಎಂದರೆ ಸೆಂಟರಿನ ಯಜಮಾನರು. ಯಾರಿಗೂ ಹೇಳಬೇಡ ಎಂದು ಕೇಳಿಕೊಳ್ಳಲಿಲ್ಲ. ಆಣೆ ಹಾಕಿಸಿಕೊಳ್ಳಲಿಲ್ಲ. “ನೀನು ಹೇಳೋಳಲ್ಲ ಬಿಡು,” ಎಂದು ತಾವೇ ತೀರ್ಮಾನ ಮಾಡಿಬಿಟ್ಟರು.

ಅದಾದ ಮೇಲಿನ ಒಂದು ವರ್ಷ ನನ್ನ ಬದುಕಿನ ಒಳ್ಳೆಯ ವರ್ಷಗಳಲ್ಲಿ ಒಂದು. ರಸ್ತೆಯಲ್ಲಿ ನಾನು ಅವರ ಎಡಗಡೆ ನಡೆಯುತ್ತಿದ್ದೆ, ಆ ಕಡೆಯೇ ಹೆಚ್ಚು ಮಂಕಾಗಿತ್ತು. ಸ್ಟೂಲುಗಳನ್ನೆಲ್ಲ ಮೇಜಿನ ಕೆಳಗೆ ಸೇರಿಸಿಡುತ್ತಿದ್ದೆ. ಹಲಗೆಯ ಮೇಲೆ ನಾನು ಬರೆಯುತ್ತಿದ್ದೆ, ಅವರು ಹೇಳುತ್ತಿದ್ದರು. ಯಾರಾದರೂ ಪಕ್ಕದಿಂದ ಕೈ ಮುಗಿದರೆ, “ಮೇಡಂ, ಬಲಗಡೆ,” ಎಂದು ಪಿಸುಗುಡುತ್ತಿದ್ದೆ. ಅವರು ತಿರುಗಿ ನಗುತ್ತಿದ್ದರು. ಮೇಡಂ ಈಗ ಎಷ್ಟೋ ಸಲೀಸಾಗಿದ್ದಾರೆ, ಜಂಬ ಕಡಿಮೆಯಾಗಿದೆ ಎಂದು ಜನ ಮಾತಾಡಿಕೊಂಡರು. ಸಂಜೆ ಐದಕ್ಕೆ ಅವರನ್ನು ರೂಮಿನ ಬಾಗಿಲ ತನಕ ಬಿಟ್ಟು ನಾನು ಗುಬ್ಬಿಯ ಬಸ್ಸು ಹತ್ತುತ್ತಿದ್ದೆ.

ಸೆಂಟರಿನ ಸರ್ ಕೆಟ್ಟವರಲ್ಲ. ಮೊದಲು ಟಿವಿ ರಿಪೇರಿ ಮಾಡುತ್ತಿದ್ದವರು, ಧೈರ್ಯ ಮಾಡಿ ಸೆಂಟರು ತೆರೆದಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೆಲಸಕ್ಕೆ ಹೋಗುವವರು ಸಂಜೆ ಬ್ಯಾಚು ಬೇಕೆಂದು ಕೇಳತೊಡಗಿದರು. ಸರ್ ಮೇಡಂಗೆ ಮೂರು ಸಲ ಹೇಳಿದರು. ಮೇಡಂ ಮೂರು ಸಲವೂ ಆಗುವುದಿಲ್ಲ ಎಂದರು, ಕಾರಣ ಹೇಳಲಿಲ್ಲ.

ಒಂದು ದಿನ ಮೇಡಂ ಊಟಕ್ಕೆ ಹೋಗಿದ್ದಾಗ ಸರ್ ನನ್ನನ್ನು ಒಳಗೆ ಕರೆದರು.

“ಕೂತ್ಕೊಳಮ್ಮ. ನೀನು ಚೆನ್ನಾಗಿ ಹೇಳ್ಕೊಡ್ತೀಯ. ಮುಂದೆ ನಿಂಗೂ ಒಂದು ಬ್ಯಾಚ್ ಕೊಡೋಣ ಅಂತಿದೀನಿ. ಆದ್ರೆ ಈಗೊಂದು ಮಾತು, ನಿಜ ಹೇಳ್ಬೇಕು. ಐದು ಗಂಟೆ ಆದ್ಮೇಲೆ ಮೇಡಂ ಎಲ್ಲಿಗೆ ಹೋಗ್ತಾರೆ?”

“ರೂಮಿಗೆ ಸರ್.”

“ರೂಮಲ್ಲಿ ಗಂಡ ಮಕ್ಳು ಕಾಯ್ತವ್ರಾ? ಬೇರೆ ಸೆಂಟರಲ್ಲಿ ಪಾಠ ಮಾಡ್ತವ್ರೆ ಅಂತ ಸುದ್ದಿ ಬಂತು ನಂಗೆ. ಹಂಗೇನಾದ್ರೂ ಇದ್ರೆ ಹೇಳ್ಬುಡು. ನಾಳೆಯಿಂದ ಬರೋದೇ ಬೇಡ ಅಂತೀನಿ.”

“ಹಂಗಲ್ಲ ಸರ್.”

“ಮತ್ತೆ ಹೆಂಗೆ?”

ಸುಮ್ಮನಿರಬಹುದಿತ್ತು. ಮೇಡಂ ಅವರನ್ನೇ ಕೇಳಿ ಎನ್ನಬಹುದಿತ್ತು. ಕದ್ದು ಬೇರೆ ಕಡೆ ಪಾಠ ಮಾಡುತ್ತಾರೆಂಬ ಆಪಾದನೆಯಿಂದ ಅವರನ್ನು ಉಳಿಸಬೇಕೆಂದೇ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಅದು ಸುಳ್ಳೂ ಅಲ್ಲ. ಆದರೆ ಸರ್ ಬ್ಯಾಚ್ ಕೊಡುತ್ತೇನೆ ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಯಾವುದು ಎಷ್ಟು ಪಾಲು ಎಂದು ಬಿಡಿಸಲು ನನ್ನಿಂದ ಇವತ್ತಿಗೂ ಆಗಿಲ್ಲ.

“ಅವ್ರಿಗೆ ಕಣ್ಣು ಕಾಣಲ್ಲ ಸರ್. ಕತ್ತಲಾದ್ರೆ ಏನೂ ಕಾಣಲ್ಲ,” ಎಂದೆ.

ಸರ್, “ಅಯ್ಯೋ ಪಾಪ,” ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. ನನಗೆ ಹಗುರವಾಯಿತು. ಇನ್ನು ಮೇಲೆ ಸಂಜೆ ಬ್ಯಾಚಿನ ಗೊಡವೆ ಇರುವುದಿಲ್ಲ, ಕಿಟಕಿಯ ರಟ್ಟು ತೆಗೆಸುತ್ತಾರೆ ಎಂದೆಲ್ಲ ಅಂದುಕೊಂಡು ಊರಿಗೆ ಹೋದೆ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಸರ್ ಮೇಡಂ ಅವರನ್ನು ಒಳಗೆ ಕರೆದು ಕೂರಿಸಿದರು. ಬಾಗಿಲು ಅರ್ಧ ತೆರೆದಿತ್ತು. ಸರ್ ಮಾತು ಬಹಳ ಮೆತ್ತಗಿತ್ತು. “ಕಣ್ಣು ಮುಖ್ಯ ಮೇಡಂ. ಮೆಟ್ಲು ಬೇರೆ ಕಡಿದು, ನಾಳೆ ಏನಾದ್ರೂ ಆದ್ರೆ ನಂಗೆ ಪಾಪ ಸುತ್ಕೊಳುತ್ತೆ. ರೆಸ್ಟ್ ತಗೊಳ್ಳಿ. ನಾಳೆಯಿಂದ ಆ ಹುಡ್ಗೀನೇ ನೋಡ್ಕೋತಾಳೆ.” ಮೇಡಂ ವಾದ ಮಾಡುತ್ತಾರೆ, ಬಯ್ಯುತ್ತಾರೆ ಎಂದು ಕಾದೆ. “ಸರಿ ಸರ್,” ಎಂದದ್ದು ಮಾತ್ರ ಕೇಳಿಸಿತು. ಕೋಪ ಬಂದು ತೆಗೆದುಹಾಕಿದ್ದರೆ ಜಗಳವಾಡಬಹುದಿತ್ತೇನೋ. ಕನಿಕರದ ಮುಂದೆ ಅವರಿಗೆ ಮಾತು ಹೊರಡಲಿಲ್ಲ.

ಅವರು ಹೊರಗೆ ಬಂದು ತಮ್ಮ ಬ್ಯಾಗಿಗೆ ನೀರಿನ ಬಾಟಲಿ, ಕನ್ನಡಕದ ಪೆಟ್ಟಿಗೆ, ಊಟದ ಡಬ್ಬಿ ಹಾಕಿಕೊಂಡರು. ನಾನು ಹತ್ತಿರ ಹೋಗಿ ನಿಂತೆ. ಮುಂದೆಯೇ ನಿಂತೆ, ಕಾಣಲಿ ಎಂದು. ಕಂಡಿತು.

“ಬೆಳಗಿನ ಬ್ಯಾಚಿಗೆ ಎಫ್ ಎಯ್ಟ್ ಇನ್ನೂ ಹೇಳಿಲ್ಲ,” ಎಂದರು. “ಒಂದು ಸಲ ಒತ್ತಿದ್ರೆ ಏನು, ಎರಡು ಸಲಕ್ಕೆ ಏನು, ಮೂರು ಸಲಕ್ಕೆ ಏನು, ನಿಧಾನವಾಗಿ ಹೇಳು. ಗಡಿಬಿಡಿ ಮಾಡ್ಬೇಡ. ಗೊಂದಲ ಆಗುತ್ತೆ ಅವ್ರಿಗೆ.”

“ಮೇಡಂ, ನಾನು...”

“ಎಫ್ ಎಯ್ಟ್ ಆದ್ಮೇಲೆ ಮತ್ತೆ ಎಫ್ ಟೂ ಇಂದ ಒಂದ್ಸಲ ಓಡ್ಸು.”

ಬಾಗಿಲ ಹತ್ತಿರ ಅವರ ಕೈ ಹಿಡಿಯಲು ಹೋದೆ. ತೋಳು ಬಿಡಿಸಿಕೊಂಡರು. “ಬೇಡ. ಹದಿನೇಳು ಮೆಟ್ಲು. ನಂಗೆ ಗೊತ್ತು.” ಗೋಡೆಗೆ ಬೆರಳ ತುದಿ ತಾಗಿಸಿಕೊಂಡು ಒಂದೊಂದೇ ಇಳಿದರು. ನಾನು ಮೇಲೆ ನಿಂತು ಎಣಿಸಿದೆ. ಹದಿನೇಳೇ ಇದ್ದವು. ಒಂದು ವರ್ಷ ಅವರ ಜೊತೆ ಹತ್ತಿ ಇಳಿದಿದ್ದರೂ ನಾನು ಯಾವತ್ತೂ ಎಣಿಸಿರಲಿಲ್ಲ.

ಮಾರನೆಯ ದಿನ ಅವರ ಜಾಗದಲ್ಲಿ ನಿಂತು ಎಫ್ ಎಯ್ಟ್ ಪಾಠ ಮಾಡಿದೆ. ಒಮ್ಮೆ ಒತ್ತಿ ಇನ್ನೊಮ್ಮೆ ಒತ್ತಿದರೆ ಒಂದು ಪದ ಆಯ್ಕೆಯಾಗಿ ಕಪ್ಪಾಗುತ್ತದೆ, ಮತ್ತೊಮ್ಮೆ ಒತ್ತಿದರೆ ವಾಕ್ಯ, ಇನ್ನೂ ಒಮ್ಮೆ ಒತ್ತಿದರೆ ಪ್ಯಾರಾ ಪೂರ್ತಿ... ಮೇಡಂ ಎಲ್ಲಿ ಎಂದು ಮಕ್ಕಳು ಕೇಳಿದಾಗ ಊರಿಗೆ ಹೋಗಿದ್ದಾರೆ ಎಂದೆ. ಐದು ಗಂಟೆಗೆ ಅವರ ರೂಮಿನ ಕಡೆ ಹೋದರೆ ಬೀಗ ಹಾಕಿತ್ತು. ಮಾರನೆಯ ವಾರ ಬೇರೆಯವರ ಸೈಕಲ್ ಬಾಗಿಲಲ್ಲಿ ನಿಂತಿತ್ತು. ಕುಣಿಗಲ್ ಕಡೆ, ಮಾರ್ಕೋನಹಳ್ಳಿ ಹತ್ತಿರ ತಮ್ಮನ ಮನೆಯಿದೆ, ಅಲ್ಲಿಗೆ ಹೋದರಂತೆ ಎಂದು ರೂಮಿನ ಮಾಲೀಕರು ಹೇಳಿದರು. ತಿಂಗಳಾಗುವಷ್ಟರಲ್ಲಿ ಸರ್, “ಮೌಸಿಂದ್ಲೇ ಶುರು ಮಾಡಮ್ಮ, ಜನಕ್ಕೆ ಅದೇ ಇಷ್ಟ,” ಎಂದರು. ಹಾಗೇ ಮಾಡಿದೆ. ನಾಲ್ಕು ವರ್ಷ ಅಲ್ಲಿದ್ದೆ.

ಕಾಗದ ಬರೆಯಬೇಕೆಂದುಕೊಂಡೆ. ಅವರು ಯಾರಿಂದಲೋ ಓದಿಸಿಕೊಳ್ಳಬೇಕಾಗುತ್ತದಲ್ಲ ಎಂದು ಬಿಟ್ಟೆ. ಇದೂ ಒಂದು ನೆಪವೇ.

ಆಮೇಲೆ ಕುಣಿಗಲ್‌ನಲ್ಲಿ ಈಗಿನ ಕೆಲಸ ಸಿಕ್ಕಿತು. ಇಲ್ಲಿಗೆ ಬಂದ ಎರಡನೇ ವರ್ಷವಿರಬೇಕು, ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಕಂಬಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದರು. ಕೈಯಲ್ಲಿ ಬಿಳಿ ಕೋಲು. ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ನಡೆದುಹೋಗಿ ಎದುರಿಗೆ ನಿಂತೆ, ಎರಡು ಅಡಿ ದೂರದಲ್ಲಿ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆ ಕೊಳವೆಯೂ ಮುಚ್ಚಿಹೋಗಿತ್ತು.

ಯಾರೋ ಮುಂದೆ ನಿಂತದ್ದು ಗೊತ್ತಾಗಿ, “ಮಾರ್ಕೋನಹಳ್ಳಿ ಬಸ್ ಬಂತೇನಮ್ಮ?” ಎಂದರು.

ಬಾಯಿ ತೆರೆದರೆ ದನಿ ಗುರುತಾಗುತ್ತದೆ. ಹನ್ನೊಂದು ಮೆಷಿನ್ನುಗಳಲ್ಲಿ ನನ್ನ ಕಿರುಬೆರಳನ್ನು ಹಿಡಿದವರು. ನಾನು ಗಂಟಲು ಒತ್ತಿ, ಬೇರೆ ಯಾರದೋ ದನಿಯಲ್ಲಿ, “ಇಲ್ಲ,” ಎಂದೆ. ಅಷ್ಟೇ. ಕಾಲು ಗಂಟೆ ಅವರ ಪಕ್ಕದಲ್ಲಿ ನಿಂತಿದ್ದೆ. ಎಡಗಡೆಯೇ ನಿಂತಿದ್ದೆ, ಅಭ್ಯಾಸ. ಬಸ್ಸು ಬಂದಾಗ ಮೊಣಕೈ ಹಿಡಿದು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿದೆ. ಈ ಸಲ ಅವರು ತೋಳು ಬಿಡಿಸಿಕೊಳ್ಳಲಿಲ್ಲ. “ಒಳ್ಳೇದಾಗ್ಲಿ ಕಣಮ್ಮ,” ಎಂದರು. ಯಾರೋ ಗೊತ್ತಿಲ್ಲದವಳಿಗೆ ಹೇಳಿದ ಮಾತದು. ಅದನ್ನು ತೆಗೆದುಕೊಂಡು ಕೆಳಗಿಳಿದೆ. ಬಸ್ಸು ಹೊರಟಾಗ ಕೂಗಿ ನಿಲ್ಲಿಸಬೇಕೆಂದು ಎರಡು ಹೆಜ್ಜೆ ಓಡಿದೆ ಕೂಡ... ಓಡಿ ನಿಂತುಬಿಟ್ಟೆ.

ಇಷ್ಟೆಲ್ಲ ಆಗಿ ಇಷ್ಟು ವರ್ಷದ ಮೇಲೆ, ಮೊನ್ನೆ ಭಾನುವಾರ, ಆ ಊರಿಗೆ ಹೋದೆ. ಕುಣಿಗಲ್‌ನಿಂದ ಏನು ಮಹಾ ದೂರ. ಕೇಳುತ್ತಾ ಹೋದರೆ ಮನೆ ಸಿಕ್ಕಿತು. ತಮ್ಮನ ಮಗಳು ಬಾಗಿಲು ತೆಗೆದಳು. ಮೂವತ್ತು ದಾಟಿದ ಹೆಣ್ಣುಮಗಳು, ಪಂಚಾಯ್ತಿಯಲ್ಲಿ ಕಂಪ್ಯೂಟರ್ ಕೆಲಸ. ಮೇಡಂ ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ಒಂದು ವಾರ ಜ್ವರ, ಅಷ್ಟೇ.

“ನಂಗೆ ಟೈಪಿಂಗ್ ಹೇಳ್ಕೊಟ್ಟಿದ್ದು ನಮ್ಮತ್ತೇನೇ,” ಎಂದಳು. “ಕೆಟ್ಟೋದ ಕೀಬೋರ್ಡ್ ಒಂದಿತ್ತು. ಅದನ್ನ ತೊಡೆ ಮೇಲೆ ಇಟ್ಕೊಂಡು, ನನ್ ಬೆರಳು ಹಿಡ್ಕೊಂಡು ತೋರ್ಸೋರು.”

“ತುಮಕೂರಿನ ಸೆಂಟರ್ ವಿಷಯ ಹೇಳ್ತಿದ್ರಾ?” ಎಂದು ಕೇಳಿದೆ.

ಅವಳು ಯೋಚಿಸಿದಳು. “ಇಲ್ಲ. ಗುಬ್ಬಿ ವಿಷ್ಯ ಹೇಳೋರು. ಸೆಂಟರ್ ಮಾತು ಬಂದ್ರೆ ಎದ್ದು ಒಳಗೋಗ್ಬಿಡೋರು. ಅಪ್ಪನೂ ಕೇಳ್ತಿರ್ಲಿಲ್ಲ.”

ಬೈದಿದ್ದರು ಎಂದೋ, ಕ್ಷಮಿಸಿದ್ದರು ಎಂದೋ, ಎರಡರಲ್ಲಿ ಒಂದನ್ನು ಕೇಳಲು ನಾನು ಸಿದ್ಧಳಾಗಿ ಹೋಗಿದ್ದೆ. ಏನೂ ಇರಲಿಲ್ಲ. ಅವಳು ಕಾಫಿ ತಂದು ಮುಂದಿಟ್ಟಳು. “ನೀವು ಅಲ್ಲಿ ಅವ್ರ ಸ್ಟೂಡೆಂಟಾ?”

“ಹೌದು,” ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಅವ್ರ ಕಣ್ಣಿನ ವಿಷಯ ಸರ್‌ಗೆ ಹೇಳಿದ್ದು ನಾನೇ ಕಣಮ್ಮ. ಅವ್ರ ಕೆಲ್ಸ ಆಮೇಲೆ ನಂಗೇ ಸಿಕ್ತು.”

ಅವಳು ನನ್ನ ಮುಖವನ್ನೇ ನೋಡುತ್ತಾ ಇದ್ದಳು. ಹೊರಗೆ ಯಾರೋ ನೀರಿನ ಮೋಟರ್ ಹಾಕಿದರು. ಕೊನೆಗೆ ಅವಳು ಕಣ್ಣು ತೆಗೆದು ಲೋಟವನ್ನು ಒಂದಿಷ್ಟು ನನ್ನ ಕಡೆ ಸರಿಸಿದಳು.

“ಕಾಫಿ ಆರೋಗುತ್ತೆ, ಕುಡೀರಿ,” ಎಂದಳು.

ಕುಡಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಹೊತ್ತುಕೊಂಡಿದ್ದ ಮಾತನ್ನು ಹೇಳಿದ್ದೆ, ಆದರೆ ಕೇಳಬೇಕಾದವರು ಇರಲಿಲ್ಲ. ಅವಳು ಬಾಗಿಲ ತನಕ ಬಂದು ನಿಂತಳು. ಮತ್ತೆ ಬನ್ನಿ ಎನ್ನಲಿಲ್ಲ.